ಅಡುಗೆಮನೆ ಕಿಟಕಿಯ ಸೇತುವೆ

"ಯಾರು ಈ ಪ್ಲಗ್ ಕಿತ್ತಿದ್ದು?" ಮಗಳು ಅಡುಗೆಮನೆಯಿಂದ ಕೂಗಿದಳು. ನಡುಮನೆಯಲ್ಲಿ ಅವಳ ಅಮ್ಮನ ಹೆಣದ ಸುತ್ತ ಕೂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದವರೆಲ್ಲ ಅತ್ತ ತಿರುಗಿದರು.

"ನಾನೇ ಕಣಮ್ಮ," ಎಂದು ಔಷಧಿ ಅಂಗಡಿಯ ಯಜಮಾನರು ಎದ್ದು ನಿಂತರು. "ಜನ ಬೆವೆತು ಹೋಗ್ತಿದ್ರು. ಟೇಬಲ್ ಫ್ಯಾನ್ ಹಾಕೋಣ ಅಂತ ಎಳೆದೆ. ಬಿಗಿಯಾಗಿತ್ತು, ಸ್ವಲ್ಪ ಜೋರಾಗೇ ಎಳೆದೆ."

ಎಷ್ಟು ಜೋರೆಂದರೆ ಸಾಕೆಟ್ಟೇ ಸೀಳಿ ಗೋಡೆಯಿಂದ ಅರ್ಧ ಆಚೆ ಬಂದಿತ್ತು. ಕಿಟಕಿಯ ಪಕ್ಕದ ಹಳೇ ಕಂಪ್ಯೂಟರ್ ಸದ್ದಡಗಿ ಕೂತಿತ್ತು. ಅದು ನಿಂತರೆ ಅಂಗಳದಾಚೆಯ ಮಹಡಿ ಕೋಣೆಗೆ ಇಂಟರ್‌ನೆಟ್ ಇಲ್ಲ. ಮೊಬೈಲಿನ ಸಿಗ್ನಲ್ಲಂತೂ ಅಲ್ಲಿಗೆ ಮೊದಲೇ ಇಲ್ಲ. ಆ ಕೋಣೆಯಲ್ಲಿ ಮಲಗಿದ್ದವನು ತೀರಿಕೊಂಡವಳ ತಮ್ಮ, ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಪೇಂಟರ್. ಆ ಕಿರಿದಾದ ಮೆಟ್ಟಿಲಲ್ಲಿ ಅವನನ್ನು ಇಳಿಸುವಂತಿಲ್ಲ, ಅಕ್ಕನನ್ನು ಹತ್ತಿಸುವಂತಿಲ್ಲ. ಅವಳನ್ನು ಕಳಿಸಿಕೊಡುವುದನ್ನು ಅಕ್ಕನ ಮಗಳ ವಿಡಿಯೊ ಕರೆಯಲ್ಲಾದರೂ ನೋಡುತ್ತೇನೆಂದು ಬೆಳಗಿನಿಂದ ಕಾದಿದ್ದ. ಸ್ಮಶಾನದ ವ್ಯಾನು ಬಂದು ಬಾಗಿಲಲ್ಲಿ ನಿಂತಾಗಿತ್ತು.

"ಭಾವಾ, ಏನೂ ಕಾಣ್ತಿಲ್ಲ!" ಅಂಗಳದಾಚೆಯಿಂದ ಕೂಗು ಬಂತು.

ತೀರಿಕೊಂಡವಳ ಗಂಡ ಅವಳ ಪಕ್ಕದಿಂದ ಎದ್ದು ಅಡುಗೆಮನೆಗೆ ಬಂದ.

*

ಔಷಧಿ ಅಂಗಡಿಯ ಕೆಲಸದಿಂದ ಹೆಂಡತಿ ನಿವೃತ್ತಳಾದ ದಿನ ಯಜಮಾನರು ಅವಳಿಗೆ ಗೋಡೆ ಗಡಿಯಾರ ಕೊಟ್ಟಿದ್ದರು. ಅವಳು ಅದನ್ನು ವಾಪಸ್ಸು ಅವರ ಕೈಯಲ್ಲೇ ಇಟ್ಟು, "ಇದು ಬೇಡ ಸರ್, ನಾನು ಬಿಲ್ ಮಾಡ್ತಿದ್ದ ಹಳೇ ಕಂಪ್ಯೂಟರ್ ಕೊಡಿ," ಎಂದಿದ್ದಳು. ಅದು ಮನೆಗೆ ಬಂದಾಗ ಗಂಡ ಹಣೆ ಹಣೆ ಚಚ್ಚಿಕೊಂಡ.

"ಗುಜರಿಯವನೂ ಮುಟ್ಟಲ್ಲ ಕಣೇ ಇದನ್ನ."

"ಗುಜರಿಯವನಿಗೆ ನಾನ್ಯಾಕೆ ಕೊಡ್ಲಿ? ನೋಡಿ, ನಮ್ಮ ವೈಫೈ ಈ ಕಿಟಕಿ ತನಕ ಬರುತ್ತೆ. ಆಮೇಲೆ ಗೋಡೆ ಅಡ್ಡ. ಗಾಳೀಲಿ ಬಂದಿದ್ದನ್ನ ಇದು ಹಿಡ್ಕೊಂಡು ವೈರಿಗೆ ದಾಟಿಸಿದ್ರೆ ತಮ್ಮನ ಕೋಣೆ ಮುಟ್ಟುತ್ತೆ. ಸೇತುವೆ ಥರ."

ಹೇಳಿದಷ್ಟು ಸಲೀಸಾಗಲಿಲ್ಲ. ಮೊದಲ ಸಲ ಏನನ್ನೋ ಒತ್ತಿ ಇಡೀ ಮನೆಯ ಇಂಟರ್‌ನೆಟ್ಟನ್ನೇ ಮಲಗಿಸಿದಳು, ಅದೂ ಗಂಡ ಕ್ರಿಕೆಟ್ ನೋಡುತ್ತಿದ್ದಾಗ. ಅವತ್ತು ಊಟದ ಹೊತ್ತಿಗೂ ಇಬ್ಬರಿಗೂ ಮಾತಿಲ್ಲ. ಆದರೆ ಅವಳು ಬಿಟ್ಟಳೇ? ವಾರಗಟ್ಟಲೆ ವಿಡಿಯೊ ನೋಡಿದಳು, ತಪ್ಪು ಮಾಡಿದಳು, ಅಳಿಸಿ ಮತ್ತೆ ಮಾಡಿದಳು. ಒಂದು ಸಂಜೆ ಅವಳ ಫೋನಿನಲ್ಲಿ ತಮ್ಮನ ಗಡ್ಡದ ಮುಖ ಮೂಡಿತು.

"ಅಕ್ಕಾ, ಇದರಲ್ಲಿ ಇನ್ನೂ ದಪ್ಪ ಕಾಣ್ತೀಯಲ್ಲೇ!" ಎಂದು ನಕ್ಕ. ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅವಳು ಚುನಾವಣೆ ಗೆದ್ದವಳಂತೆ ಮನೆ ತುಂಬ ಓಡಾಡಿದಳು. ಮುಂದೆ ಅವನು ಮಲಗಿದಲ್ಲಿಂದಲೇ ಫೋನಿನಲ್ಲಿ ಚಿತ್ರ ಬಿಡಿಸುವ ಪಾಠ ಶುರುಮಾಡಿದ.

ಗಂಡ ಅವಳ ಎದುರು ಒಂದು ಮಾತೂ ಹೊಗಳಲಿಲ್ಲ. ಕ್ಷೌರದಂಗಡಿಗೆ ಹೋಗಿ ಮಾತ್ರ ಬಾಯಿ ನೋಯುವಷ್ಟು ಕೊಚ್ಚಿಕೊಳ್ಳುತ್ತಿದ್ದ.

*

ಗಂಡ ಪ್ಲಗ್ ತೂರಿಸಿದ ಕೂಡಲೇ ಕಂಪ್ಯೂಟರ್ ಗುರ್ರೆಂದಿತು. ಕೈಬಿಟ್ಟೊಡನೆ ಆರಿತು. ಟೇಪು ಸುತ್ತಿದರು, ಕುರ್ಚಿ ಒತ್ತಿಟ್ಟರು, ಊಹೂಂ. ಬೇರೆ ಸಾಕೆಟ್ಟಿಗೆ ವೈರು ಎಟುಕಲಿಲ್ಲ. ಎಕ್ಸ್‌ಟೆನ್ಶನ್ ಬಾಕ್ಸ್ ಎಲ್ಲಿದೆಯೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು.

"ಬಿಡಿ, ನಾನು ಒತ್ತಿ ಹಿಡಿದಿರ್ತೀನಿ," ಎಂದರು ಯಜಮಾನರು. "ನಮ್ಮ ಅಂಗಡಿ ಕಂಪ್ಯೂಟರ್ ತಾನೆ."

"ಅಂಗಡಿದಲ್ಲ ಸರ್, ನನ್ನ ಹೆಂಡ್ತಿದು." ನಡುಮನೆಗೂ ಕೇಳಿಸಲಿ ಎಂಬಂತೆ ಗಂಡ ದನಿ ಏರಿಸಿದ. "ಇದನ್ನ ನಡೆಸಿದ್ದು ನನ್ನ ಹೆಂಡ್ತಿ. ಇಲ್ಲಿರೋ ಯಾರಿಗೂ ಬರಲ್ಲ. ಅವಳಿಗೆ ಬಂತು!"

ಯಜಮಾನರು ಹಿಡಿದಿರುವಷ್ಟು ಹೊತ್ತಿನಲ್ಲಿ ಅವನು ಹೋಗಿ ಹೆಂಡತಿಯ ಹಣೆ ಸವರಿ, ಕೆನ್ನೆಯ ಮೇಲಿದ್ದ ಕೂದಲು ಸರಿಸಿ ಬಂದ. ಬಂದವನೇ ಅವರ ಕೈ ಬಿಡಿಸಿ ತಾನೇ ಪ್ಲಗ್ ಹಿಡಿದ.

"ಅಪ್ಪ, ಸ್ಮಶಾನಕ್ಕೆ ನೀವೇ ಬರದೇ ಇದ್ರೆ ಹೇಗೆ?" ಮಗಳು ಅಳತೊಡಗಿದಳು.

"ನಾನು ಇಷ್ಟು ವರ್ಷ ನೋಡಿದೀನಿ ಅವಳನ್ನ. ಇವತ್ತು ಅವನು ನೋಡ್ಲಿ. ಫೋನ್ ಅಲ್ಲಾಡಿಸ್ಬೇಡ, ಹೋಗು."

ಅವನು ಕುಕ್ಕರಗಾಲಿನಲ್ಲಿ ಕೂತ. ಕಂಪ್ಯೂಟರ್ ಏಳುವ ತನಕ ವ್ಯಾನಿನವನೂ ಕಾದ.

"ಬಂತು ಭಾವಾ! ಕಾಣ್ತಿದೆ!" ಅಂಗಳದಾಚೆಯ ದನಿ ಒಡೆದಿತ್ತು. "ಎತ್ತಿದ್ರು... ಬಾಗಿಲು ದಾಟಿದ್ರು... ಅಬ್ಬಾ, ಬೀದಿ ತುಂಬಾ ಜನ ಭಾವಾ!"

"ಹೂಂ. ಹೇಳ್ತಿರು."

ಬೆನ್ನ ಹಿಂದೆ ಮನೆ ಖಾಲಿಯಾಗುತ್ತಿತ್ತು. ಅವನು ತಿರುಗಲಿಲ್ಲ. ಬೆವೆತ ಕೈಗಳನ್ನು ಒಂದಾದ ಮೇಲೊಂದು ಅಂಗಿಗೆ ಒರೆಸಿಕೊಂಡು, ಪ್ಲಗ್ಗನ್ನು ಇನ್ನಷ್ಟು ಬಿಗಿಯಾಗಿ ಗೋಡೆಗೆ ಒತ್ತಿದ.