ಒಡೆದ ಗಂಟೆಯ ನೇರಳೆ ಡ್ರಮ್ಮು

ಗ್ಯಾಂಬಿಯಾ ದೇಶದಲ್ಲಿ ಓಟು ಹಾಕುವುದು ಗೋಲಿಯಿಂದ. ಪರದೆಯ ಹಿಂದೆ ಪಕ್ಷಕ್ಕೊಂದು ತಗಡಿನ ಡ್ರಮ್ಮು ಇರುತ್ತದೆ. ಅಂಥದ್ದೊಂದು ಡ್ರಮ್ಮು ನಾನು. ಬೆಸುಗೆಯವನು ನನಗೆ ಕೊಳವೆ ಕೂರಿಸಿ, ಒಳಗೆ ಪುಟ್ಟ ಗಂಟೆ ಕಟ್ಟಿದ. ಗೋಲಿ ಬಿದ್ದರೆ ಒಂದೇ ಸಲ ‘ಟಿಣ್’ ಎನ್ನಬೇಕು. ಹೊರಗೆ ಕೂತ ಅಧಿಕಾರಿಗೆ ಎರಡು ಸಲ ಕೇಳಿದರೆ ಕಳ್ಳ ಓಟು. ಅದಕ್ಕೇ ಓಟಿನ ದಿನ ಮತಗಟ್ಟೆಯ ಹತ್ತಿರ ಸೈಕಲ್ಲಿನ ಬೆಲ್ಲೂ ಬಾರಿಸುವಂತಿಲ್ಲ.

ನನಗೆ ನೇರಳೆ ಬಣ್ಣ ಬಳಿದು ಸಿಂಪಿಯ ಚಿತ್ರ ಬರೆದರು. ಹೊಳೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಬೇರಿಗೆ ಅಂಟಿದ ಸಿಂಪಿ ಕೀಳುವ ಹೆಂಗಸರ ಪಕ್ಷ ಅದು. ಎರಡು ದೋಣಿ ತುಂಬುವಷ್ಟೂ ಜನರಿರಲಿಲ್ಲ. ಊರಿನ ಜಾಗ ಹಂಚುವ ಯಜಮಾನ ಆ ಕಾಂಡ್ಲಾ ಕಡಿಸಿ ಇದ್ದಿಲು ಮಾಡಿಸುತ್ತಿದ್ದ. ತಡೆಯಲೆಂದು ಅವರ ನಾಯಕಿ ನ್ಯಿಮಾ ವಾರ್ಡಿನ ಚುನಾವಣೆಗೆ ನಿಂತಳು.

ಮೊದಲ ಚುನಾವಣೆಯಂದು ಗಂಟೆಯ ಪರೀಕ್ಷೆ ಮುಗಿಸಿ ಪರದೆಯ ಒಳಗಿಡುವಾಗ ನನ್ನನ್ನು ಕೈಜಾರಿ ಬೀಳಿಸಿದರು. ಗಂಟೆ ಸೀಳಿತು. ಮಿಕ್ಕ ಡ್ರಮ್ಮುಗಳು ‘ಟಿಣ್’ ಎಂದರೆ ನಾನು ‘ಡಪ್’ ಎಂದೆ. ಪರದೆ ಇದ್ದೂ ಇಲ್ಲದಂತಾಯಿತು. ಹೊರಗೆ ಮಾವಿನ ಮರದಡಿ ಕುರ್ಚಿ ಹಾಕಿ ಕೂತಿದ್ದ ಯಜಮಾನ, ಓಟು ಹಾಕಿ ಹೊರಬಂದ ಸಿಂಪಿಯ ಮುದುಕಿಯನ್ನು ನೋಡಿ ನಕ್ಕ.

“ಏನೇ ಕುಂಬಾ ಮುದುಕಿ, ಸಿಂಪೀಗೆ ಹಾಕಿದ್ಯಾ? ಮನೆ ಕಟ್ಟೋಕೆ ಜಾಗ ಕೇಳ್ಕೊಂಡು ಬಾ, ಆಗ ಹೇಳ್ತೀನಿ.”

ಆಮೇಲೆ ಬಂದವರ ಕೈ ಪಕ್ಕದಲ್ಲಿದ್ದ ಯಜಮಾನನ ಪಕ್ಷದ ಡ್ರಮ್ಮಿಗೆ ಸರಿಯಿತು. ಸಂಜೆ ನನ್ನಿಂದ ಉರುಳಿದ್ದು ಏಳೇ ಗೋಲಿ. ಕಾಂಡ್ಲಾದ ಅರ್ಧಕ್ಕೆ ಕೊಡಲಿ ಬಿತ್ತು.

ಐದು ವರ್ಷ ಕಳೆಯಿತು. ನನ್ನ ಗಂಟೆಯನ್ನು ಯಾರೂ ರಿಪೇರಿ ಮಾಡಿರಲಿಲ್ಲ. ಮುಂದಿನ ಚುನಾವಣೆಯ ಬೆಳಿಗ್ಗೆ ಅಧಿಕಾರಿ ಗೋಲಿ ಹಾಕಿ ನೋಡಿ ಬೆಚ್ಚಿದ.

“ನ್ಯಿಮಕ್ಕಾ, ಬೇರೆ ಡ್ರಮ್ಮು ಬರೋದು ಮಧ್ಯಾಹ್ನ. ಕಾಯ್ತೀರಾ?”

“ಅಷ್ಟೊತ್ತಿಗೆ ನೀರು ಇಳಿಯುತ್ತೆ, ಹೆಂಗಸರೆಲ್ಲಾ ಸಿಂಪಿಗೆ ಹೋಗ್ಬೇಕು. ಇದೇ ಇರ್ಲಿ ಬಿಡಿ. ಕೇಳೋರು ಕಿವಿ ತುಂಬಾ ಕೇಳ್ಕೊಳ್ಳಲಿ.”

ಅವಳು ಸಾಲಿನ ಕಡೆ ತಿರುಗಿ ಹೇಳಿದಳು: “ಹೆದರಿಕೆ ಇರೋರು ಮನೇಗೆ ಹೋಗ್ರಮ್ಮಾ, ನಾನೇನೂ ಅಂದ್ಕೊಳ್ಳಲ್ಲ.”

ಯಾರೂ ಕದಲಲಿಲ್ಲ. ಕುಂಬಾ ಮೊದಲು ಬಂದಳು. ಡಪ್. ಹೊರಗೆ ಹೋಗಿ ಕುರ್ಚಿಯ ಮುಂದೆ ನಿಂತಳು.

“ಕೇಳಿಸ್ತಾ ಯಜಮಾನ್ರೇ? ಇನ್ನೊಂದ್ಸಲ ಹಾಕೋಣ ಅಂದ್ರೆ ಕಾನೂನು ಬಿಡಲ್ಲ.”

ಸಾಲಿನಲ್ಲಿ ನಗು ಹರಡಿತು. ಡಪ್, ಡಪ್, ಡಪ್. ಒಂದೊಂದು ಸದ್ದಿಗೂ ಹಿಂದಿನವರಿಗೆ ತಾವು ಒಬ್ಬಂಟಿಯಲ್ಲ ಎಂದು ತಿಳಿಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಮರದಡಿ ಖಾಲಿ ಕುರ್ಚಿ ಮಾತ್ರ ಇತ್ತು.

ಆದರೂ ಹನ್ನೊಂದು ಗೋಲಿಯಿಂದ ಸೋತೆವು. ಮರುದಿನ ಮಾತ್ರ ಯಜಮಾನ ಕಾಂಡ್ಲಾಕ್ಕೆ ಆಳುಗಳನ್ನು ಕಳಿಸಲಿಲ್ಲ. ಎದುರು ಎಷ್ಟು ಜನರಿದ್ದಾರೆಂದು ಅವನೇ ಒಂದೊಂದಾಗಿ ಕೇಳಿಸಿಕೊಂಡಿದ್ದ.

ಈಗ ನಾನು ಗೋದಾಮಿನಲ್ಲಿದ್ದೇನೆ. ಬುಡಕ್ಕೆ ತುಕ್ಕು ಹಿಡಿದಿದೆ. ಗುಟ್ಟಾಗಿ ಓಟು ಹಾಕುವುದು ಆ ಹೆಂಗಸರ ಹಕ್ಕಾಗಿತ್ತು. ಅದನ್ನು ನಾನು ಕಾಪಾಡಲಿಲ್ಲ. ಅವರು ಅದಿಲ್ಲದೆಯೂ ನಿಂತರು. ಮೊನ್ನೆ ನನ್ನ ಬಣ್ಣ ಕೆರೆದು ಬೇರೆ ಪಕ್ಷದ್ದು ಬಳಿಯಲು ಒಬ್ಬ ಬಂದಿದ್ದ. ನ್ಯಿಮಾ ಮತ್ತೆ ನಾಮಪತ್ರ ಕೊಟ್ಟಿದ್ದಾಳೆಂದು ಯಾರೋ ಹೇಳಿದರು. ಅವನು ಕೆರೆಯುವ ತಗಡನ್ನು ಜೇಬಿಗೆ ಹಾಕಿಕೊಂಡು, ನೇರಳೆ ಬಣ್ಣದ ಡಬ್ಬಿ ಹುಡುಕಲು ಹೋದ.