ಚಾಚಿದ ಕಾಲು

“ಇನ್ನೊಂದೀಟು ಒತ್ತರಿ. ಮಡಚತೈತಿ, ಮಡಚದ ಎಲ್ಲಿ ಹೋಗತೈತಿ,” ಎನ್ನುತ್ತ ಗಿರಮಲ್ಲಪ್ಪ ಕಾಕಾ ಸೋಮಲಿಂಗನ ಬಲ ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿ ಮೈಭಾರ ಹಾಕಿದ. ಹಿಂದಿನಿಂದ ಇಬ್ಬರು ಹೆಣದ ಬೆನ್ನು ಹಿಡಿದುಕೊಂಡಿದ್ದರು. ಎಡಗಾಲು ಹೇಳಿದ ಮಾತು ಕೇಳಿ ಆಗಲೇ ಮಡಚಿಕೊಂಡಿತ್ತು. ಬಲಗಾಲು ಮಾತ್ರ ಹೊಸ್ತಿಲಿನ ಕಡೆ ನೆಟ್ಟಗೆ ಚಾಚಿಕೊಂಡೇ ಇತ್ತು.

ರಾಜಶ್ರೀ ಕೈಯಲ್ಲಿದ್ದ ನೀರಿನ ಕೊಡ ಇಳಿಸಿದವಳೇ ಓಡಿ ಬಂದು ಕಾಕಾನ ಮುಂಗೈ ಹಿಡಿದಳು.

“ಕೈ ತಗೀರಿ ಕಾಕಾ. ನನ್ನ ತಮ್ಮನ ಕಾಲಾಗ ಕಬ್ಬಿಣದ ಸಳಿ ಐತಿ. ಒಂಬತ್ತು ವರ್ಷದಿಂದ ಮಡಚಿಲ್ಲ, ಈಗ ನೀವು ಒತ್ತಿದ್ರ ಮಡಚತೈತೇನು?”

“ಮಡಚದಿದ್ರ ಒಂದು ಏಟು ಹಾಕಿ ಮಡಚೂದವಾ. ಜೀವ ಹೋದ ಮ್ಯಾಲ ನೋವು ಎಲ್ಲಿ ಬಂತು?”

“ಒಮ್ಮೆ ಮುರದೈತಿ ಅದು. ಇನ್ನೊಮ್ಮೆ ಮುರಿಯಾಕ ನಾ ಬಿಡಂಗಿಲ್ಲ!”

ಮಾತು ಓಣಿಯ ತುದಿಯವರೆಗೆ ಕೇಳಿಸಿತು. ಬನಹಟ್ಟಿಯ ಈ ಓಣಿಯಲ್ಲಿ ಮನೆಗೆರಡು ಮಗ್ಗ. ಆ ಗದ್ದಲದೊಳಗೇ ಹುಟ್ಟಿ ಬೆಳೆದವರಿಗೆ ಮೆಲ್ಲಗೆ ಮಾತಾಡುವುದು ಗೊತ್ತೇ ಇಲ್ಲ. ಗಂಡ ಹೆಂಡಿರ ಗುಟ್ಟು ಕೂಡ ನಾಲ್ಕು ಮನೆ ದಾಟುವ ದನಿಯಲ್ಲಿಯೇ ನಡೆಯುತ್ತದೆ. ಓಣಿಯಲ್ಲಿ ಸಾವಾದರೆ ಮಣ್ಣಾಗುವ ತನಕ ಒಂದು ಮಗ್ಗವೂ ನಡೆಯಬಾರದೆಂಬುದು ಹಿಂದಿನಿಂದ ಬಂದ ರೂಢಿ. ಹಾಗಾಗಿ ಬೆಳಗಿನಿಂದ ಓಣಿ ಗಪ್ಪಾಗಿತ್ತು. ಬಂದವರೆಲ್ಲ ಎಂದಿನಂತೆ ಬಾಯಿ ತೆರೆದು, ತಮ್ಮ ದನಿಗೆ ತಾವೇ ಬೆಚ್ಚಿ, ಬಾಯಿಗೆ ಸೆರಗು ಹಚ್ಚಿಕೊಳ್ಳುತ್ತಿದ್ದರು. ಹತ್ತಿಯ ಸಣ್ಣ ಧೂಳು ಮಾತ್ರ ಕೆಳಗಿಳಿಯುವ ಮನಸ್ಸಿಲ್ಲದೆ ಕಿಟಕಿಯ ಬಿಸಿಲಿನಲ್ಲಿ ತೇಲುತ್ತಿತ್ತು. ತಾನಿನ್ನೂ ಎದ್ದಿಲ್ಲ, ಈ ಸದ್ದಿಲ್ಲದ ಓಣಿ ನಸುಕಿನ ಕನಸಿನದು ಎಂದು ರಾಜಶ್ರೀಗೆ ಮತ್ತೆ ಮತ್ತೆ ಅನಿಸುತ್ತಿತ್ತು.

ತಮ್ಮ ಹೋದದ್ದೂ ಹಾಗೆಯೇ. ಬೆಳಿಗ್ಗೆ ಆರಕ್ಕೆ ಮಗ್ಗದ ಮುಂದೆ ನಿಂತು ಹರಿದ ಎಳೆಗೆ ಗಂಟು ಹಾಕುತ್ತಿದ್ದವನು ಗೋಡೆಗೆ ಆತುಕೊಂಡ. ಎದೆ ನಿಂತರೂ ಸಳಿ ಇದ್ದ ಕಾಲು ಅವನನ್ನು ಬೀಳಗೊಡಲಿಲ್ಲ. ಚಹಾ ತಂದ ಅಕ್ಕ, “ಕುಡಿಲೇ, ಆರಾಕತ್ತೈತಿ,” ಎಂದು ಎರಡು ಸಲ ಗದರಿದಳು. ಮೂರನೆಯ ಸಲ ಭುಜ ಮುಟ್ಟಿದಾಗ ಗೊತ್ತಾಯಿತು. ಅವನಿಗೆ ಮೂವತ್ತಾರು ವರ್ಷ.

ಮೂಲೆಯಲ್ಲಿ ಕುಳಿತಿದ್ದ ತಾಯಿ ಶಿವವ್ವ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ಬಾಯಿ ಬಿಟ್ಟಳು.

“ನಮ್ಮ ಮನ್ಯಾಗ ಯಾರೂ ಮಲಗಿ ಹೋಗಿಲ್ಲ. ನಿಮ್ಮಪ್ಪ ಕುಂತು ಹೋದ, ನಿಮ್ಮಜ್ಜ ಕುಂತು ಹೋದ. ಕೈಯಾಗ ಲಿಂಗ ಹಿಡಕೊಂಡು ಕುಣ್ಯಾಗ ನೆಟ್ಟಗ ಕುಂಡ್ರಬೇಕು. ನನ್ನ ಮಗಾ ಒಬ್ಬಾಂವ ಕಟಿಗಿ ಹಂಗ ಮಲಗಬೇಕೇನು?” ಆಕೆ ಮಗಳ ಕಡೆ ತಿರುಗಿದಳು. “ಮಿರಜಿನ್ಯಾಗ ನಿಂದ್ರಲಿ ಅಂದಾಕಿ ನೀನು. ಈಗ ನೀನ ಕುಂಡ್ರಸು.”

ಒಂಬತ್ತು ವರ್ಷ ಅವ್ವ ನುಂಗಿಕೊಂಡಿದ್ದ ಮಾತದು. ರಾಜಶ್ರೀ ತಮ್ಮನ ಕಾಲ ಬಳಿ ಕುಳಿತಳು.

*

ಅವನಿಗೆ ಮೊದಲ ಗಾಲಿಹಲಗೆ ಮಾಡಿಕೊಟ್ಟವಳೂ ಅವಳೇ. ಮುರಿದ ಮಗ್ಗದ ಒಂದು ಹಲಗೆ, ಅಪ್ಪ ಮುರಗೆಪ್ಪ ಬಿಸಾಕಿದ್ದ ನಾಲ್ಕು ಬೇರಿಂಗು, ಒಂದು ಹಿಡಿ ಮೊಳೆ. ಆಗ ಅವನಿಗೆ ಹತ್ತು, ಅವಳಿಗೆ ಹದಿನಾರು. ಓಣಿಯ ಉಳಿದ ಹುಡುಗರು ಅಂಥ ಹಲಗೆಯ ಮೇಲೆ ಕುಳಿತು ಎಳೆಸಿಕೊಂಡರೆ ಇವನು ಎದ್ದು ನಿಂತ. ಬಿದ್ದ. ಮತ್ತೆ ನಿಂತ. ಇಳಿಜಾರಿನಲ್ಲಿ ಗರ್ರನೆ ಇಳಿದು ಬರುವಾಗ, ಮಗ್ಗಗಳ ಗದ್ದಲದಲ್ಲಿ ಕಿವಿಗೆ ಕೇಳದಿದ್ದರೂ ಆ ನಡುಕ ಜನರ ಅಂಗಾಲಿಗೆ ತಿಳಿಯುತ್ತಿತ್ತು. ಯಾರೂ ತಿರುಗಿ ನೋಡುತ್ತಿರಲಿಲ್ಲ. “ಬಂತಪಾ ಪೀಡಾ,” ಎಂದು ಬೈಯುತ್ತಲೇ ಗಟಾರದ ಕಡೆ ಎರಡು ಹೆಜ್ಜೆ ಸರಿದು ದಾರಿ ಬಿಡುತ್ತಿದ್ದರು. ವರ್ಷಗಳು ಕಳೆದಂತೆ ಬೈಗುಳ ನಿಂತು ಸರಿಯುವುದಷ್ಟೇ ಉಳಿಯಿತು.

ಹದಿನೇಳಕ್ಕೆ ಸೀರೆಯ ಗಂಟು ಇಳಿಸಿ ಬರುತ್ತೇನೆಂದು ಲಾರಿ ಹತ್ತಿ ಪುಣೆಗೆ ಹೋದವನು ಗಂಟು ಇಳಿಸಿದ, ತಾನು ಬರಲಿಲ್ಲ. ಅಲ್ಲೊಂದು ಮೇಲ್ಸೇತುವೆಯ ಕೆಳಗೆ ತನ್ನಂತೆಯೇ ಹಲಗೆಯ ಮೇಲೆ ನಿಲ್ಲುವವರನ್ನು ಕಂಡಿದ್ದ. ಹಳೆ ಸಾಮಾನಿನ ಸಂತೆಯಲ್ಲಿ ಖರೇ ಸ್ಕೇಟ್‌ಬೋರ್ಡ್ ಸಿಕ್ಕಿತ್ತು. ಐದು ವರ್ಷದಲ್ಲಿ ಒಂದು ಬೂಟಿನ ಕಂಪನಿ ಅವನಿಗೆ ಪಗಾರ ಗೊತ್ತು ಮಾಡಿತು. ಮೈದಾನ ಬೇಡ, ಊರಿನ ರಸ್ತೆಯೇ ಮೈದಾನ. ಅವರ ಬೂಟು ಹಾಕಿಕೊಂಡು ಮೆಟ್ಟಿಲ ಮೇಲಿಂದ ಹಾರಬೇಕು, ಕಟ್ಟೆಯ ಅಂಚಿನ ಮೇಲೆ ಜಾರಬೇಕು, ಅವರು ಅದರ ವಿಡಿಯೋ ತೆಗೆಯಬೇಕು. ಇಷ್ಟೇ ನೌಕರಿ.

ಬನಹಟ್ಟಿಯ ಚಹಾದಂಗಡಿಯಲ್ಲಿ ಜನ ಅಪ್ಪನನ್ನು ಬಿಡುತ್ತಿರಲಿಲ್ಲ.

“ಮಗ ಏನ ಮಾಡತಾನರಿ ಮುರಗೆಪ್ಪಣ್ಣ?”

“ಮೆಟ್ಟಲಾ ಜಿಗೀತಾನ.”

“ಅದಕ್ಕ ಪಗಾರ ಕೊಡತಾರ?”

“ಜಿಗದ್ರ ಕೊಡತಾರ. ನಡಕೋತ ಇಳದ್ರ ಕೊಡೂದಿಲ್ಲ,” ಎಂದು ಅಪ್ಪ ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತಿದ್ದ.

ಒಮ್ಮೆ ಬಾರ್ಸಿಲೋನಾ ಎಂಬ ಊರಿಗೂ ಹೋಗಿ ಬಂದ. ಏನು ನೋಡಿದೆ ಎಂದರೆ, “ಅಕ್ಕಾ, ಊರಿಗೆ ಊರೇ ನುಣ್ಣಗೈತಿ. ಹಿಪ್ಪರಗಿ ಬ್ಯಾರೇಜಿನ ಗ್ವಾಡಿನ ನೆಲಕ್ಕ ಹಾಸಿದಂಗ,” ಎಂದು ಕಣ್ಣು ಮುಚ್ಚಿಕೊಂಡು ಹೇಳಿದ. ಗಾಲಿ ಉರುಳುವ ನೆಲ ಬಿಟ್ಟರೆ ಅವನು ಬೇರೇನೂ ನೋಡಿಯೇ ಇರಲಿಲ್ಲ. ಇಪ್ಪತ್ತಾರಕ್ಕೆ ಕಂಪನಿ ಅವನ ಹೆಸರಿನದೇ ಹಲಗೆ ಮಾಡಿಸಿತು. ಆ ಲೋಕದಲ್ಲಿ ಅದಕ್ಕಿಂತ ದೊಡ್ಡ ಮಾನವಿಲ್ಲವಂತೆ. ಹಲಗೆಯ ಹೊಟ್ಟೆಯ ಮೇಲೆ ಕನ್ನಡದಲ್ಲಿ ‘ಸೋಮಲಿಂಗ’ ಎಂದು ಬರೆದು, ಸುತ್ತಲೂ ರಾಜಶ್ರೀ ನೇಯ್ದ ಸೀರೆಯ ಕೆಂಪು ದಡಿಯ ಚಿತ್ರ ಬಿಡಿಸಿದ್ದರು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಮಂದಿ ಹೆಸರು ಬಾಗಿಲ ಮ್ಯಾಲ ಬರಸತಾರ, ನೀ ಕಾಲಾಗ ಬರಸ್ಕೊಂಡೆಲ್ಲೋ,” ಎಂದು ನಕ್ಕ. ಅಂದು ರಾತ್ರಿ ಹಲಗೆಯನ್ನು ದೇವರ ಜಗುಲಿಯ ಪಕ್ಕದಲ್ಲಿ ಇಟ್ಟವನೂ ಅವನೇ.

*

ಮರುವರ್ಷ ಕಂಪನಿಯವರು ಇವನ ಊರಲ್ಲಿಯೇ ವಿಡಿಯೋ ಮಾಡೋಣವೆಂದು ಬಂದರು. ಜಮಖಂಡಿಯಲ್ಲಿ ಮುಚ್ಚಿದ ಒಂದು ಟಾಕೀಸು, ಅದರ ಮುಂದೆ ಹದಿನಾಲ್ಕು ಮೆಟ್ಟಿಲು. ಸಣ್ಣವನಿದ್ದಾಗಿನಿಂದ ಸೋಮಲಿಂಗನಿಗೆ ಅವುಗಳ ಮೇಲೆ ಕಣ್ಣಿತ್ತು. ಆರು ಸಲ ಹಾರಿದ, ಆರು ಸಲವೂ ಹಲಗೆ ಕೈಕೊಟ್ಟಿತು. ಏಳನೆಯ ಸಲ ಅವನು ಗಾಳಿಯಲ್ಲಿ ಇದ್ದಷ್ಟು ಹೊತ್ತು, ಕೆಳಗೆ ನಿಂತಿದ್ದ ರಾಜಶ್ರೀಗೆ ಅವನು ಇಳಿಯುವುದನ್ನೇ ಮರೆತಂತೆ ಕಂಡಿತು. ಆಮೇಲೆ ಮೊಣಕಾಲು ಕಲ್ಲಿನ ಅಂಚಿಗೆ ಬಡಿದ ಸದ್ದು ಕೇಳಿತು.

ಮಿರಜಿನ ಡಾಕ್ಟರು ಒಳ್ಳೆಯ ಮನುಷ್ಯ. ಆಪರೇಷನ್ ಕೋಣೆಯಿಂದ ಅರ್ಧಕ್ಕೆ ಹೊರಬಂದು ತಿಳಿಸಿ ಹೇಳಿದರು.

“ಮೊಣಕಾಲಿನ ಎಲುವು ಪುಡಿಪುಡಿ ಆಗೈತಿ ತಾಯಿ. ಹಂಗ ಜೋಡಿಸಿ ಬಿಟ್ರ ಕಾಲು ಮಡಚತೈತಿ, ಆದ್ರ ಮೈಭಾರ ತಡಿಯೂದಿಲ್ಲ. ಸಳಿ ಹಾಕಿ ಕೂಡಿಸಿದ್ರ ನಿಂದ್ರತಾನ, ಆದ್ರ ಮಡಚೂದಿಲ್ಲ. ಅಂವಗ ಎಚ್ಚರಿಲ್ಲ. ನೀವ ಹೇಳಬೇಕು. ನಿಂದ್ರಬೇಕೋ, ಕುಂಡ್ರಬೇಕೋ?”

ಅಪ್ಪ ಊರಲ್ಲಿದ್ದ, ಫೋನು ಹತ್ತಲಿಲ್ಲ. ಹತ್ತು ವರ್ಷದವನು ಬೇರಿಂಗಿನ ಹಲಗೆಯ ಮೇಲೆ ಎದ್ದು ನಿಂತದ್ದು ರಾಜಶ್ರೀಯ ಕಣ್ಣಿಗೆ ಕಟ್ಟಿತು. “ನಿಂದ್ರಲಿರಿ,” ಎಂದು ಸಹಿ ಮಾಡಿದಳು.

ಎಚ್ಚರವಾದ ಮೇಲೆ ಅವನು ಕಾಲು ಮುಟ್ಟಿ ನೋಡಿಕೊಂಡು, “ನೀ ಏನಂದಿ ಅಕ್ಕಾ?” ಎಂದು ಕೇಳಿದ.

“ನಿಂದ್ರಲಿ ಅಂದೆ.”

ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ, “ಛಲೋ ಆತ ಬಿಡು,” ಎಂದ.

ಆ ಮಾತು ಖರೆಯೋ, ಅಕ್ಕನ ಸಮಾಧಾನಕ್ಕೆ ಆಡಿದ್ದೋ ಅವಳಿಗೆ ಎಂದೂ ತಿಳಿಯಲಿಲ್ಲ. ನೌಕರಿ ಹೋಯಿತು. ಮನೆಗೆ ಬಂದು ಮಗ್ಗದ ಮುಂದೆ ನಿಂತ. ನಿಂತೇ ಉಂಡ. ಹೆಣ್ಣು ನೋಡಲು ಹೋದ ಮನೆಗಳಲ್ಲಿ ಚಾಪೆ ಹಾಸಿದಾಗಲೆಲ್ಲ ಕಂಬಕ್ಕೆ ಒರಗಿ ನಿಂತ. ಕಡೆಗೆ ಹೋಗುವುದನ್ನೇ ಬಿಟ್ಟ. ಪ್ರತಿ ಊಟಕ್ಕೂ ಅವನ ಗಂಗಾಳವನ್ನು ಮೇಜಿನ ಮೇಲೆ ಇಡುವಾಗ, ಇವನ ನೆಲ ಕಸಿದುಕೊಂಡವಳು ತಾನು ಎಂದು ರಾಜಶ್ರೀ ಒಳಗೊಳಗೇ ಸುಡುತ್ತಿದ್ದಳು.

*

“ಅಕ್ಕಾರ,” ಎಂದು ಯಾರೋ ಕರೆದರು.

ಕುಣಿ ತೋಡುವ ದುರಗೇಶ ಬಾಗಿಲಲ್ಲಿ ನಿಂತಿದ್ದ. ಮೊಣಕೈವರೆಗೆ ಕರಿ ಮಣ್ಣು. ಬೇರಿಂಗಿನ ಹಲಗೆಯ ಕಾಲದಿಂದಲೂ ಸೋಮಲಿಂಗನ ಗೆಳೆಯ. “ಕುಣಿ ಹ್ಯಾಂಗ ತಗೀಲಿರಿ? ಕುಂಡ್ರೂದೋ, ಮಲಗೂದೋ? ಅಷ್ಟು ಹೇಳ್ರಿ, ಹೊತ್ತು ಏರಾಕತ್ತೈತಿ.”

ರಾಜಶ್ರೀ ತಲೆ ಎತ್ತಿದಳು. ತಮ್ಮನ ಕಾಲು ತೋರಿಸುತ್ತಿದ್ದ ಕಡೆಗೇ ನೋಡಿದಳು. ಬಾಗಿಲಾಚೆ ಓಣಿಯ ಇಳಿಜಾರು ಬಿಸಿಲಲ್ಲಿ ಮಲಗಿತ್ತು. ಅದರ ಮೇಲಿನ ತುದಿಯಲ್ಲಿ ನೂಲಿನ ಕಂಡಿಕೆ ಸುತ್ತುವ ಮನೆ. ದಿನಾ ಸಂಜೆ ಅಲ್ಲಿಂದ ಕಂಡಿಕೆ ತರುವುದು ಅವನ ಕೆಲಸ. ಬುಟ್ಟಿ ಹೊತ್ತು ನಡೆಯಲು ಬೇಸರಪಟ್ಟು, ಅವನು ತನ್ನ ಹೆಸರಿನ ಹಲಗೆಯನ್ನು ನೆಲಕ್ಕಿಟ್ಟು...

ಒಂಬತ್ತು ವರ್ಷ ದಿನಾ ನೋಡಿದ್ದಳು, ನೋಡಿ ನೋಡಿಯೇ ಕಂಡಿರಲಿಲ್ಲ.

“ಅಂವ ಕುಂಡ್ರತಿದ್ದ,” ಎಂದಳು. ಯಾರಿಗೂ ತಿಳಿಯಲಿಲ್ಲ. ಮತ್ತೆ ಜೋರಾಗಿ, “ಅವ್ವಾ, ಅಂವ ದಿನಾ ಕುಂಡ್ರತಿದ್ದ! ಹಲಗಿ ಮ್ಯಾಲ! ಎಡಗಾಲು ಮಡಚಿ ಕೆಳಗ ಹಾಕ್ಕೊಂಡು, ಇದನ್ನ ಮುಂದ ಚಾಚಿ, ಹಿಂಬಡ ನೆಲಕ್ಕ ಊರಿ ಬ್ರೇಕ್ ಹಾಕ್ಕೊಂತ ಬರತಿದ್ದಿಲ್ಲ? ನೋಡು, ಈಗೂ ಹಂಗ ಕುಂತಾನ.”

ಎಲ್ಲರೂ ಹೆಣದ ಕಡೆ ನೋಡಿದರು. ಬೆನ್ನು ನೆಟ್ಟಗೆ, ಎಡಗಾಲು ಮಡಚಿ, ಬಲಗಾಲು ಬಾಗಿಲ ಕಡೆ ಚಾಚಿ ಸೋಮಲಿಂಗ ಕುಳಿತೇ ಇದ್ದ.

ಶಿವವ್ವ ಮೂಲೆಯಿಂದ ಸರಿದು ಬಂದು ಚಾಚಿದ ಕಾಲಿನ ಮೇಲೆ ಕೈ ಇಟ್ಟಳು. “ಬುಟ್ಟಿ ತೊಡಿ ಮ್ಯಾಲ ಇಟಗೊಂಡು ಬರತಿತ್ತವಾ ನನ್ನ ಕೂಸು. ನಕ್ಕೋತ ಬರತಿತ್ತು,” ಎಂದವಳೇ ಬೆಳಗಿನಿಂದ ತಡೆದಿದ್ದನ್ನೆಲ್ಲ ಒಮ್ಮೆಗೇ ಬಿಟ್ಟು ಅತ್ತಳು. ರಾಜಶ್ರೀ ಅವ್ವನ ತಲೆಯನ್ನು ಎದೆಗೆ ಒತ್ತಿಕೊಂಡಳು.

ಗಿರಮಲ್ಲಪ್ಪ ಕಾಕಾ ಅಷ್ಟು ಸುಲಭಕ್ಕೆ ಬಿಡುವವನಲ್ಲ. “ದೊಡ್ಡವರ ಮುಂದ ಕಾಲು ಚಾಚಿದ್ರ ಬೈತೇವಿ. ಶಿವನ ಮುಂದ ಚಾಚಿ ಕುಂಡ್ರೂದೇನು? ಅಯ್ಯನೋರ, ನೀವರೆ ಹೇಳ್ರಿ.”

ವಿಧಿ ಮಾಡಿಸಲು ಬಂದು ವಿಭೂತಿ ನೆನೆಸುತ್ತಿದ್ದ ಅಯ್ಯನವರು ತಲೆ ಎತ್ತದೆ ಕೇಳಿದರು: “ಶಿವ ಎಲ್ಲಿದ್ದಾನೋ ಗಿರಮಲ್ಲಪ್ಪ?”

“ಎಲ್ಲಿ ಅಂದ್ರ... ಅಂವನ ಅಂಗೈಯಾಗ. ಲಿಂಗದಾಗ.”

“ಮತ್ತ? ಅಂಗೈ ಮುಖದ ಕಡೆ ಐತಿ. ಕಾಲು ಎತ್ತಾಗರೆ ಹೋಗಲಿ.” ಬಲಗೈಯ ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ ಚಾಚಿದ ಕಾಲಿನ ಮೇಲೆಯೇ ಮೊದಲು ಎಳೆದರು. “ದುರಗೇಶಾ, ಕುಣ್ಯಾಗ ಕುಂಡ್ರಸೂ ಗೂಡು ಎರಡು ಮೊಳ ಉದ್ದ ತಗಿಯಪಾ.”

“ಮೂರು ತಗೀತೀನಿರಿ. ಅಂವಗ ಇಕ್ಕಟ್ಟು ಅಂದ್ರ ಆಗಿ ಬರೂದಿಲ್ಲ,” ಎಂದು ದುರಗೇಶ ಮೂಗು ಒರೆಸಿಕೊಳ್ಳುತ್ತ ಹೊರಟ.

ಬಿದಿರಿನ ವಿಮಾನದಲ್ಲಿ ಕೂರಿಸಿ, ಹೂವಿನ ಸರ ಇಳಿಬಿಟ್ಟು, ತಾಳ ಬಡಿಯುತ್ತ ಇಳಿಜಾರು ಹತ್ತಿಸಿದರು. ಚಾಚಿದ ಕಾಲು ವಿಮಾನದ ಮುಂದೆ ಒಂದು ಮೊಳ ಹೊರಗಿತ್ತು. ಬಾಗಿಲು ಬಾಗಿಲಲ್ಲಿ ನಿಂತ ಹೆಂಗಸರು ಮುಖಕ್ಕೆ ಕೈಮುಗಿದು, ಕಾಲು ತಮ್ಮನ್ನು ದಾಟುವಾಗ ಮೆಲ್ಲಗೆ ಅಂಗಾಲು ಮುಟ್ಟಿದರು. ರಾಜಶ್ರೀ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ನಡೆದಳು.

ಕುಣಿಯೊಳಗೆ ಅವನು ಸರಿಯಾಗಿ ಕುಳಿತ. ಎಡ ಅಂಗೈಯಲ್ಲಿ ಲಿಂಗ, ತಲೆಯ ಮೇಲೆ ಬಿಲ್ವಪತ್ರಿ, ಕಾಲಿಗೆ ಬೇಕಾದಷ್ಟು ಜಾಗ. ರಾಜಶ್ರೀ ಹಲಗೆಯನ್ನು ಮುಂದೆ ಚಾಚಿದಾಗ ಕಾಕಾ ತಡೆದ.

“ಕುಣ್ಯಾಗ ಕಬ್ಬಿಣ ಹಾಕಬಾರದವಾ.”

“ಕಾಲಾಗ ಮೊಳ ಉದ್ದಂದು ಐತೆಲ್ಲರಿ ಕಾಕಾ,” ಎಂದ ದುರಗೇಶ ಕೆಳಗಿನಿಂದ.

“ಮೈಯಾಗಿಂದು ಮೈಯಾಗ ಹೋಗಲಿ. ಹೊರಗಿಂದು ಮನಿಗೆ ಒಯ್ಯವಾ,” ಎಂದರು ಅಯ್ಯನವರು. ಆ ಮಾತು ರಾಜಶ್ರೀಗೂ ಸರಿ ಕಂಡಿತು. ಒಂದು ಹಿಡಿ ಮಣ್ಣು ಹಾಕಿ, “ಆರಾಮ ಕುಂಡ್ರು ತಮ್ಮಾ,” ಎಂದಳು.

ಮಣ್ಣು ಕೊಟ್ಟು ಬರುವಾಗ ಹಿಂದಿರುಗಿ ನೋಡಬಾರದು. ಜನ ತಲೆ ತಗ್ಗಿಸಿ ಓಣಿಯ ಇಳಿಜಾರು ಇಳಿಯುತ್ತಿದ್ದರು. ಎಲ್ಲರ ಮುಂದೆ ಕಾಕಾ, ನಡುವೆ ಅವ್ವನನ್ನು ಹಿಡಿದುಕೊಂಡ ಹೆಂಗಸರು, ಎಲ್ಲರ ಹಿಂದೆ ರಾಜಶ್ರೀ. ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ. ಕಂಡಿಕೆ ಸುತ್ತುವ ಮನೆಯ ಮುಂದೆ ಬಂದಾಗ ಅವಳು ನಿಂತಳು. ಹಲಗೆಯನ್ನು ನೆಲಕ್ಕೆ ಇಳಿಸಿದಳು. ಅವನು ದಿನಾ ಇಳಿಸುತ್ತಿದ್ದ ಜಾಗವದು. ಒಂದು ಗಳಿಗೆ ಅಂಗಾಲಿನಿಂದ ಒತ್ತಿ ಹಿಡಿದಳು, ಆಮೇಲೆ ಕಾಲು ತೆಗೆದಳು.

ಹಲಗೆ ಗರ್ರನೆ ಹೊರಟಿತು. ಗಪ್ಪಾದ ಓಣಿಯಲ್ಲಿ ಆ ಸದ್ದು ಮನೆಯ ಬಾಗಿಲವರೆಗೂ ಕೇಳಿಸುತ್ತಿತ್ತು. ಮೊದಲು ದುರಗೇಶ, ಆಮೇಲೆ ಹೆಂಗಸರು, ಅವರ ತೋಳಲ್ಲಿದ್ದ ಅವ್ವ, ಕಡೆಗೆ ಗಿರಮಲ್ಲಪ್ಪ ಕಾಕಾ, ಒಬ್ಬರಾದ ಮೇಲೆ ಒಬ್ಬರು ಗಟಾರದ ಕಡೆ ಎರಡು ಹೆಜ್ಜೆ ಸರಿದು ದಾರಿ ಬಿಟ್ಟರು. ಯಾರೂ ತಿರುಗಿ ನೋಡಲಿಲ್ಲ.