ಬ್ಯಾಟರಿ ಇಳಿದ ಕಾರು

ಕೊರೊನಾ ಕಾಲದಲ್ಲಿ ಟಾಕೀಸುಗಳೆಲ್ಲ ಬಾಗಿಲು ಹಾಕಿದಾಗ ರೇಣುಕಯ್ಯನವರು ಶಿರಾದ ಹೊರಗೆ, ಹೆದ್ದಾರಿ ಪಕ್ಕದ ತಮ್ಮ ಖಾಲಿ ಜಮೀನಿನಲ್ಲಿ, ಕಾರಿನಲ್ಲೇ ಕೂತು ನೋಡುವ ಡ್ರೈವ್‌ಇನ್ ಸಿನಿಮಾ ತೆರೆದರು. ಹಳೇ ಕಂಟೈನರುಗಳನ್ನು ಒಂದರ ಮೇಲೊಂದು ಪೇರಿಸಿ ಬಿಳಿ ಬಣ್ಣ ಬಳಿಸಿದ್ದೇ ಪರದೆ. ಕಾರಿನ ಮೂತಿ ಮೇಲೇಳಲೆಂದು ಸಾಲಾಗಿ ಮಣ್ಣಿನ ದಿಬ್ಬಗಳು. ಮಾತು, ಹಾಡು ಎಲ್ಲ ಕಾರಿನ ರೇಡಿಯೋದಲ್ಲೇ ಬರುತ್ತಿದ್ದವು. ಟಾಕೀಸುಗಳು ಮತ್ತೆ ತೆರೆದ ಮೇಲೂ ಮಧುಗಿರಿ, ಪಾವಗಡದಿಂದ ಜನ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಬರುತ್ತಲೇ ಇದ್ದರು.

ಕಾರುಗಳಿಗೆ ಟಾರ್ಚ್ ಬಿಟ್ಟು ಜಾಗ ತೋರಿಸುವುದು ದೊಡ್ಡೇರಿಯ ಅನಸೂಯಳ ಕೆಲಸ. ಸೇರಿ ಹೆಚ್ಚು ದಿನವಾಗಿರಲಿಲ್ಲ. ಗಂಡ ರಾಮಾಂಜನೇಯ ಚಿತ್ರದುರ್ಗದಲ್ಲಿ ಕಾರು ಓಡಿಸುತ್ತಿದ್ದ, ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ. ಹೆಂಗಸು ಕತ್ತಲಲ್ಲಿ ಟಾರ್ಚ್ ಹಿಡಿದು ನಿಲ್ಲುವುದು ಅವನಿಗೆ ಹಿಡಿಸಲಿಕ್ಕಿಲ್ಲವೆಂದು ಕೆಲಸದ ವಿಷಯವನ್ನೇ ಅವಳು ಅವನಿಗೆ ಹೇಳಿರಲಿಲ್ಲ. "ನಾನೂ ಹೇಳಕಿಲ್ಲ ಬುಡು" ಎಂದಿದ್ದಳು ಅತ್ತೆ ನಾಗಕ್ಕ.

ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ತುಮಕೂರಿನ ಡಾಕ್ಟರು ಆಗುವುದಿಲ್ಲವೆಂದ ದಿನ ರಾಮಾಂಜನೇಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮೊಳ ಮಲ್ಲಿಗೆ ಕೊಡಿಸಿ, "ಅಳ್ಬ್ಯಾಡ ಕಣೆ. ನಂಗೆ ನೀನೊಬ್ಳಿದ್ರೆ ಸಾಕು" ಎಂದಿದ್ದ. ಆ ಮಾತನ್ನೇ ನೆಚ್ಚಿಕೊಂಡು ಅವಳು ಬದುಕಿದ್ದಳು.

ಒಂದು ಭಾನುವಾರ ಆಟ ಶುರುವಾಗುವ ಹೊತ್ತಿಗೆ ಬಿಳಿ ಕಾರೊಂದು ಬಂತು. ಅನಸೂಯ ಟಾರ್ಚ್ ಆಡಿಸುತ್ತ ಹಿಮ್ಮುಖವಾಗಿ ನಡೆದು ಅದನ್ನು ಮೂರನೇ ಸಾಲಿಗೆ ತಂದಳು. ಕಾರು ದಿಬ್ಬ ಹತ್ತಿ ನಿಂತಾಗ ಬೆಳಕು ಗಾಜಿನ ಮೇಲೆ ಬಿತ್ತು. ಸ್ಟಿಯರಿಂಗ್ ಹಿಡಿದಿದ್ದವನು ರಾಮಾಂಜನೇಯ. ಪಕ್ಕದಲ್ಲೊಬ್ಬ ಹೆಂಗಸು. ಅವಳ ತೊಡೆಯ ಮೇಲೆ ತಲೆ ಬೋಳಿಸಿ ಗಂಧ ಹಚ್ಚಿದ್ದ ಮಗು.

"ಅಪ್ಪಾ, ನಂಗೂ ಅಂಥ ಟಾರ್ಚ್ ಬೇಕು!"

"ಕೊಡಿಸ್ತೀನಿ ಕಣ್ಲಾ" ಎಂದ ರಾಮಾಂಜನೇಯ. ಟಾರ್ಚಿನ ಹಿಂದಿದ್ದ ಮುಖ ಅವನಿಗೆ ಕಾಣಲಿಲ್ಲ.

ಅನಸೂಯ ತಿಂಡಿ ಅಂಗಡಿಯ ಹಿಂದೆ ಹೋಗಿ ನೀರಿನ ಡ್ರಮ್ಮಿಗೆ ಒರಗಿ ಕೂತಳು. ಸಿನಿಮಾದಲ್ಲಿ ತಮಾಷೆ ಬಂದಾಗ ಅರ್ಧ ಇಳಿಸಿದ ಕಿಟಕಿಗಳಿಂದ ಎಲ್ಲ ಕಾರುಗಳೂ ಒಟ್ಟಿಗೆ ನಗುತ್ತಿದ್ದವು. ಅದರಲ್ಲಿ ಅವನ ನಗುವೂ ಇರಬೇಕು.

ಆಟ ಮುಗಿದು ಕಾರುಗಳು ಹೊರಟವು. ಆ ಹೆಂಗಸು ಟಾರ್ಚಿನವಳನ್ನು ಹುಡುಕಿಕೊಂಡು ಬಂದಳು.

"ಅಕ್ಕಾ, ನಮ್ ಗಾಡಿ ಸ್ಟಾರ್ಟೇ ಆಗ್ತಿಲ್ಲ. ರೇಡಿಯೋ ಸೌಂಡು ಕಮ್ಮಿ ಮಾಡ್ರೀ ಅಂದ್ರೆ ನಮ್ ಯಜಮಾನ್ರು ಕೇಳ್ಲಿಲ್ಲ."

ರೇಡಿಯೋ ಹಾಕಿ ಬ್ಯಾಟರಿ ಇಳಿಸಿಕೊಳ್ಳುವವರು ದಿನಾ ಒಬ್ಬಿಬ್ಬರು ಇದ್ದೇ ಇರುತ್ತಿದ್ದರು. ಸಿನಿಮಾದವರದೇ ಜೀಪಿನ ಬ್ಯಾಟರಿಯಿಂದ ವೈರು ಎಳೆದು ಕರೆಂಟು ಕೊಟ್ಟರೆ ಕಾರುಗಳು ಹೊರಡುತ್ತಿದ್ದವು. ಜೀಪು ಓಡಿಸುವ ದಾಸಯ್ಯನೊಬ್ಬನನ್ನೇ ಕಳಿಸಬಹುದಿತ್ತು. ಅನಸೂಯ ತಾನೂ ಹತ್ತಿಕೊಂಡಳು.

ಜೀಪಿನ ಬೆಳಕಿನಲ್ಲಿ ರಾಮಾಂಜನೇಯ ಬಾನೆಟ್ ಎತ್ತಿ ನಿಂತಿದ್ದ. ಅವಳನ್ನು ಕಂಡವನೇ, "ಅನ..." ಎಂದು ಬಾಯಿ ಬಿಟ್ಟವನು ಹಾಗೇ ಮುಚ್ಚಿಕೊಂಡ.

"ಕೆಂಪು ವೈರು ಇಡ್ಕಳಿ ಸಾರ್" ಎಂದಳು ಅನಸೂಯ.

ಅವನ ಕೈಯಿಂದ ಕ್ಲಿಪ್ಪು ಜಾರಿತು. ಅವಳೇ ಕಸಿದುಕೊಂಡು ಕಚ್ಚಿಸಿದಳು. ಮಗು ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು.

"ಎಷ್ಟು ವರ್ಷ ಮಗೀಗೆ?"

"ಯುಗಾದಿಗೆ ಐದು ತುಂಬ್ತು ಅಕ್ಕ. ತಿರುಪತೀಲಿ ಮುಡಿ ಕೊಟ್ಟು ಬರ್ತಾ ಇದೀವಿ. ಬೋರ್ಡ್ ನೋಡಿ ಸಿನಿಮಾ ಬೇಕೇ ಬೇಕು ಅಂತ ಹಟ. ನಿಮ್ಗೆಷ್ಟು ಜನ ಮಕ್ಳು?"

ಮಲ್ಲಿಗೆ ಕೊಡಿಸಿದ್ದು ಐದು ವರ್ಷದ ಹಿಂದಿನ ಯುಗಾದಿಗೆ ಮೂರು ತಿಂಗಳ ಮೊದಲು; ಆ ದಿನವೇ ಈ ಮಗು ಆ ಹೊಟ್ಟೆಯಲ್ಲಿತ್ತು.

"ಇಲ್ಲ ಕಣಮ್ಮ."

ಹೆಂಗಸಿನ ಮುಖ ಸಣ್ಣದಾಯಿತು. ಕಾರಿನಿಂದ ಲಡ್ಡು ತಂದು ಅನಸೂಯಳ ಕೈಗಿಟ್ಟಳು. "ಬೇಜಾರ್ ಮಾಡ್ಕೋಬೇಡಿ. ಕೊಡ್ತಾನೆ ದೇವ್ರು."

ಎಂಜಿನ್ನು ಗುರ್ ಎಂದಿತು. ರಾಮಾಂಜನೇಯ ತಲೆ ತಗ್ಗಿಸಿ ಒಳಗೆ ಕೂತ. "ಮನೆ ಸೇರೋಗಂಟ ಆಫ್ ಮಾಡ್ಬ್ಯಾಡಿ" ಎಂದಳು. ಕಾರು ಹೆದ್ದಾರಿಗೆ ಇಳಿಯಿತು.

ಮರುದಿನ ಬೆಳಗಾದಾಗಿನಿಂದ ರಾಮಾಂಜನೇಯನ ಫೋನು ಬರುತ್ತಲೇ ಇತ್ತು. ಅನಸೂಯ ಎತ್ತಲಿಲ್ಲ. ಕುರಿಮರಿಗೆ ಸೊಪ್ಪು ಹಾಕುತ್ತಿದ್ದ ನಾಗಕ್ಕ, "ಯಾಕಮ್ಮ ಎತ್ತಾಕಿಲ್ಲ?" ಎಂದಳು.

"ನೆನ್ನೆ ಅವ್ರ ಮಗೀನ ನೋಡ್ದೆ ಅತ್ತೆ."

ಮುದುಕಿಯ ಕೈ ನಿಂತಿತು. ಯಾವ ಮಗು, ಏನು ಎತ್ತ ಎಂದು ಅವಳು ಕೇಳಲಿಲ್ಲ. ಅನಸೂಯ ಅವಳತ್ತ ತಿರುಗಿದಳು.

"ನಿಂಗೆ ಗೊತ್ತಿತ್ತಾ?"

"ಮೊಮ್ಮಗ ಕಣಮ್ಮ... ಜೀವ ತಡೀಲಿಲ್ಲ. ತೊಟ್ಲಿಗೆ ಹಾಕ್ದಾಗ ಒಂದ್ಸಲ ಹೋಗಿ ನೋಡ್ಕಂಡ್ ಬಂದ್ಬುಟ್ಟೆ."

ಅನಸೂಯಳಿಗೆ ನೆನಪಾಯಿತು. ತಂಗಿಯ ಮನೆಗೆ ಹೋಗುತ್ತೇನೆಂದು ಅತ್ತೆ ಹೊಸ ಸೀರೆ ಉಟ್ಟು ಹೊರಟಿದ್ದಳು. ರೊಟ್ಟಿ ತಟ್ಟಿ ಬುತ್ತಿ ಕಟ್ಟಿ, ಸೀಟು ಹಿಡಿದು ಬಸ್ಸಿನಲ್ಲಿ ಕೂರಿಸಿ ಬಂದವಳು ತಾನೇ.

ಗಂಡನೆದುರು ಬಾರದ ಅಳು ಆಗ ಬಂತು. ನಾಗಕ್ಕ ಹತ್ತಿರ ಬಂದು ತಲೆ ಮುಟ್ಟಲು ಹೋದಳು. ಅನಸೂಯ ಆ ಕೈಯನ್ನು ಮೆಲ್ಲಗೆ ಸರಿಸಿದಳು.

ಆ ಸಂಜೆ ಸಿನಿಮಾ ಬಯಲಿಗೆ ಬಂದಾಗ ಬಟ್ಟೆಯ ಗಂಟೂ ಜೊತೆಗಿತ್ತು. ರೇಣುಕಯ್ಯನವರ ಹೆಂಡತಿ ಸರೋಜಮ್ಮ ಏನೂ ಕೇಳದೆ ಅಂಗಡಿ ಹಿಂದಿನ ಕೋಣೆ ಗುಡಿಸಿಕೊಟ್ಟರು. ಕತ್ತಲಾದಾಗ ಮೊದಲ ಕಾರು ಬಂತು. ಅದರ ತುಂಬ ಮಕ್ಕಳಿದ್ದರು. ಅನಸೂಯ ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನ ಸಾಲಿನಲ್ಲೇ ಜಾಗ ತೋರಿಸಿದಳು.